ಡಿಸ್ಕ್ ಏಳುವವರೆಗೆ ಕಾಯದ ಸಮಿತಿಗೆ

ಬೂಟ್‌ಲೋಡರ್ ಏಕೀಕರಣ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ, ಊರಿಗೆ ನೀರೆತ್ತುವ ಪಂಪ್‌ಹೌಸಿನ ಆಪರೇಟರ್ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ಸ್ವಿಚ್ ಒತ್ತಿದೊಡನೆ ಎಲ್ಲರಿಗಿಂತ ಮೊದಲು ಕಣ್ಣುಬಿಟ್ಟು, ಡಿಸ್ಕ್ ಎಲ್ಲಿದೆಯೆಂದು ಹುಡುಕಿ, ಉಳಿದ ತಂತ್ರಾಂಶವನ್ನೆಲ್ಲ ಎಬ್ಬಿಸುವುದೇ ಬೂಟ್‌ಲೋಡರ್ ಎಂದು ತಮಗೆ ಹೇಳಹೊರಡುವುದು ಮೀನಿಗೆ ಈಜು ಕಲಿಸಿದಂತೆ. ನಮ್ಮ ಇಲಾಖೆಯಲ್ಲಿ ಮೂರು ಬಗೆಯ ಪ್ರೊಸೆಸರುಗಳಿವೆ: ತಮ್ಮ ಕಚೇರಿಯ ಹೊಸದು, ಕಾಂಪೌಂಡಿನ ಗೇಟು ತೆರೆಯುವ ಪುಟ್ಟದು, ನಮ್ಮ ಪಂಪ್‌ಹೌಸಿನ ಪಂಪು ನಡೆಸುವ ಮುದಿಯದು. ಮೂರಕ್ಕೂ ಡಿಸ್ಕ್ ಹುಡುಕುವ ಕೋಡು ಬೇರೆಬೇರೆ ಇತ್ತು. ಒಂದೇ ತಪ್ಪನ್ನು ಮೂರು ಕಡೆ ತಿದ್ದುವ ಕರ್ಮವೇಕೆಂದು ತಾವು ಮೂರನ್ನೂ ಒಂದೇ ಕಡತಕ್ಕೆ ಸೇರಿಸಿದಿರಿ. ಒಳ್ಳೆಯ ಯೋಚನೆಯೇ, ಒಪ್ಪಿದೆ. ಆದರೆ ನಮ್ಮ ಯಂತ್ರದ ಕೋಡಿನಲ್ಲಿದ್ದ ‘ಆರು ಸೆಕೆಂಡು ಕಾಯುವುದು’ ಎಂಬ ಸಾಲು ಉಳಿದೆರಡರಲ್ಲಿ ಇಲ್ಲವೆಂಬ ಕಾರಣಕ್ಕೆ ಅದನ್ನು ಕಸವೆಂದು ಗುಡಿಸಿಹಾಕಿದ ತಮ್ಮ ಸ್ವಚ್ಛತಾಪ್ರೇಮವನ್ನು ಹೊಗಳಲು ಮಾತ್ರ ನನ್ನಲ್ಲಿ ಪದಗಳಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಬೂಟ್‌ಲೋಡರ್ ಹಾಕಿ ಸ್ವಿಚ್ ಒತ್ತಿದೆ. ಅದು ಡಿಸ್ಕನ್ನು ಒಮ್ಮೆ ಕೂಗಿ, ಉತ್ತರ ಬರುವ ಮೊದಲೇ ‘ಡಿಸ್ಕ್ ಇಲ್ಲ’ ಎಂದು ಪರದೆಯ ಮೇಲೆ ಘೋಷಿಸಿ ಕೈಕಟ್ಟಿ ಕುಳಿತಿತು. ಆರಿಸಿ, ಹೊತ್ತಿಸಿ, ನನ್ನ ಬೆರಳು ನೊಂದಿತೇ ಹೊರತು ಅದರ ಮನಸ್ಸು ಕರಗಲಿಲ್ಲ. ಹಳೆಯದನ್ನು ಮರಳಿ ಹಾಕೋಣವೆಂದರೆ ತಾವು ಅದನ್ನೂ ಅಳಿಸಿ ಪುಣ್ಯ ಕಟ್ಟಿಕೊಂಡಿದ್ದಿರಿ. ಗುಡ್ಡದ ಮೇಲಿನ ಟ್ಯಾಂಕು ಬರಿದಾಯಿತು. ಹೆರಿಗೆ ಆಸ್ಪತ್ರೆಯ ನರ್ಸಕ್ಕ ಫೋನು ಮಾಡಿ, “ಇಲ್ಲಿ ಮೂವರು ನೋವು ತಿಂತಿದ್ದಾರೆ, ಕೈ ತೊಳೆಯೋಕೂ ನೀರಿಲ್ಲ ಕಣಮ್ಮ” ಎಂದರು. ತಮ್ಮ ಕಚೇರಿಗೆ ಫೋನು ಮಾಡಿದರೆ, “ನಮ್ಮ ಟೇಬಲ್ ಮೇಲೆ ಚೆನ್ನಾಗೇ ಆನ್ ಆಗ್ತಿದೆಯಲ್ಲ!” ಎಂಬ ಅಮೃತವಾಣಿ. ಹಾಗಾದರೆ ದಯಮಾಡಿ ತಮ್ಮ ಟೇಬಲ್ಲಿನಿಂದಲೇ ನೀರೆತ್ತಿಸಿ, ಇಲ್ಲವೇ ಕಡತ ಸರಿಹೋಗುವ ತನಕ ಯಾವ ಮಗುವೂ ಹುಟ್ಟಕೂಡದೆಂದು ಸುತ್ತೋಲೆ ಹೊರಡಿಸಿ.

ಕೊನೆಗೆ, ಆ ಹಳೆಯ ಕೋಡು ಬರೆದು ನಿವೃತ್ತರಾದ, ನಾವೆಲ್ಲ ‘ನಿಧಾನಪ್ಪ’ ಎಂದು ಹಂಗಿಸುತ್ತಿದ್ದ ಹಿರಿಯರ ಮನೆಗೆ ಓಡಿದೆ. ಸೊಸೆಯ ಸ್ಕೂಟರಿನ ಹಿಂದೆ, ಮಡಿಲಲ್ಲಿ ಲ್ಯಾಪ್‌ಟಾಪ್ ಅವುಚಿಕೊಂಡು ಬಂದರು. ಡಿಸ್ಕಿನ ಪೆಟ್ಟಿಗೆಗೆ ಕಿವಿಯಿಟ್ಟು, “ಏಳ್ತಾ ಇದೆ ತಾಯಿ. ವಯಸ್ಸಾದದ್ದು, ಸುತ್ತೋಕೆ ಶುರುಮಾಡೋಕೆ ಟೈಮ್ ಬೇಕು. ಇವರು ಕಾಯ್ತಾನೇ ಇಲ್ಲ” ಎಂದರು. ತಮ್ಮ ಕಡತವನ್ನು ಅವರು ಒಡೆಯಲಿಲ್ಲ. ಹುಡುಕುವ ಕೆಲಸ ಮೂರಕ್ಕೂ ಒಂದೇ ಇರಲಿ, ಎಷ್ಟು ಹೊತ್ತು ಕಾಯಬೇಕೆಂಬುದನ್ನು ಮಾತ್ರ ಆಯಾ ಯಂತ್ರವೇ ಹೇಳಲಿ ಎಂದು ತಿದ್ದಿದರು. ಮಧ್ಯಾಹ್ನದ ಹೊತ್ತಿಗೆ ಪಂಪು ಗುರುಗುಟ್ಟಿತು. ತಾಯಂದಿರೂ ಮಕ್ಕಳೂ ಕ್ಷೇಮ. ನಾನು ಪೈಪಿಗೆ ಒರಗಿ ಅತ್ತದ್ದನ್ನು ವರದಿಯಲ್ಲಿ ಸೇರಿಸಿಲ್ಲ.

ಮರುದಿನ ತಮ್ಮ ಪ್ರಕಟಣೆ ಬಂತು: ‘ಸಮಿತಿಯ ದೂರದೃಷ್ಟಿಯಿಂದ ಏಕೀಕರಣ ಯಶಸ್ವಿ.’ ದೂರದೃಷ್ಟಿ ನಿಜ. ಹತ್ತಿರದ್ದು ಕಾಣಲಿಲ್ಲ, ಅಷ್ಟೆ. ಹಿರಿಯರ ಹೆಸರು ಅದರಲ್ಲೆಲ್ಲೂ ಇಲ್ಲ. “ಹೋಗಲಿ ಬಿಡಮ್ಮ” ಎಂದರು. ಅವರು ದೊಡ್ಡವರು, ಬಿಟ್ಟರು. ನಾನು ಅಷ್ಟು ದೊಡ್ಡವಳಲ್ಲವಾದ್ದರಿಂದ ಈ ಪತ್ರ.

ಇಷ್ಟಾದರೂ ಅದು ಹೇಗೋ ಉಳಿದುಕೊಂಡಿರುವ,
ತಮ್ಮ ವಿಶ್ವಾಸಿ,
ಪಂಪ್‌ಹೌಸಿನ ಆಪರೇಟರ್

ತಾ.ಕ.: ಮುಂದಿನ ತಿಂಗಳು ಕೀಬೋರ್ಡಿನ ಕೋಡನ್ನೂ ಒಂದುಗೂಡಿಸುವಿರೆಂದು ಕೇಳಿ ಪುಳಕಿತಳಾದೆ. ಗೇಟಿನ ಯಂತ್ರಕ್ಕೆ ಕೀಬೋರ್ಡೇ ಇಲ್ಲ. ‘ಮುಂದುವರಿಯಲು ಯಾವುದಾದರೂ ಕೀಲಿ ಒತ್ತಿ’ ಎಂದು ಅದು ಹಟ ಹಿಡಿದ ದಿನ, ಒತ್ತಲು ತಾವೇ ಖುದ್ದಾಗಿ ದಯಮಾಡಿಸಬೇಕು. ಗೇಟು ತೆರೆದಿರುವುದಿಲ್ಲ, ಕಾಂಪೌಂಡು ಹಾರಿ ಬನ್ನಿ.