ಮಿಂಚುಗೈಯ ಮೀಸೆ

“ಈ ಭಾನುವಾರ ಸಿನಿಮಾ ಮಂದಿರದ ಮೆಟ್ಟಿಲ ಮೇಲೆ ನಿಂತು ಸತ್ಯ ಏನೂಂತ ಇಡೀ ಊರಿಗೆ ತೋರಿಸ್ತೀನಿ. ಇಲ್ಲದಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ!”

ನಾನು ಹೀಗೆ ಗುಡುಗಿದಾಗ ನನ್ನ ಹೆಂಡತಿ ಅಂಗಡಿಯ ಕೌಂಟರಿನಲ್ಲಿ ಕೂತು ಯಾರದೋ ಕೋಟಿನ ಜೇಬು ತಡಕುತ್ತಿದ್ದಳು. ತಲೆ ಎತ್ತದೆಯೇ, “ಎರಡರಲ್ಲಿ ಒಂದನ್ನಾದ್ರೂ ಖಂಡಿತ ಮಾಡ್ತೀರಾ?” ಎಂದಳು.

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕಲೆ ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಿನಲ್ಲಿಲ್ಲ. ಇದು ಜಂಬವಲ್ಲ, ಬೋರ್ಡಿನ ಮೇಲೆಯೇ ಬರೆಸಿದ್ದೇನೆ! ಎಣ್ಣೆ, ಗ್ರೀಸು, ಶಾಯಿ, ಲಿಪ್‌ಸ್ಟಿಕ್ಕು, ಎಲ್ಲವೂ ನನ್ನ ಹೆಸರು ಕೇಳಿದರೆ ನಡುಗುತ್ತವೆ. ಕಲೆಯೊಂದು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರು ಉಜ್ಜಲು ಹೋಗಿ ಬೈಸಿಕೊಂಡವನು ನಾನು.

ಈಗ ಮಿಂಚುಗೈ ವಿಚಾರಕ್ಕೆ ಬರುತ್ತೇನೆ. ಮಿಂಚುಗೈ ನನ್ನ ಬಾಲ್ಯದ ಚಿತ್ರಕಥೆ ಪುಸ್ತಕಗಳ ಮಹಾವೀರ. ಮೂಲದಲ್ಲಿ ಅವನೊಬ್ಬ ಲೈನ್‌ಮನ್. ಕಂಬ ಹತ್ತಿದ್ದಾಗ ಸಿಡಿಲು ಬಡಿದು ಅವನ ಎರಡೂ ಕೈಗಳಲ್ಲಿ ಮಿಂಚು ನೆಲೆಸುತ್ತದೆ. ಅಂದಿನಿಂದ ದುಷ್ಟರಿಗೆ ಶಾಕು, ಬಡವರ ಮನೆಗೆ ಬೆಳಕು! ಪುಸ್ತಕದ ಒಳಗೆಲ್ಲ ಅವನು ಮುಖವಾಡ ಹಾಕಿರುತ್ತಾನೆ. ಅವನ ಪೂರ್ತಿ ಮುಖ ಕಾಣುವುದು ಮೊದಲ ಸಂಚಿಕೆಯ ಮುಖಪುಟದಲ್ಲಿ ಮಾತ್ರ. ಆ ಸಂಚಿಕೆ ಊರಿನಲ್ಲಿ ಇದ್ದದ್ದು ನನ್ನೊಬ್ಬನ ಬಳಿ. ಆ ಮುಖದಲ್ಲಿ ಒಂದು ಭರ್ಜರಿ ಮೀಸೆ! ಅದನ್ನು ನೋಡಿಯೇ ನಾನೂ ಮೀಸೆ ಬಿಟ್ಟದ್ದು.

ಅಂಥ ಮಿಂಚುಗೈಯನ್ನು ಈಗ ಸಿನಿಮಾ ಮಾಡಿದ್ದರು. ಟ್ರೇಲರ್ ಬಂದ ಕೂಡಲೇ ನಮ್ಮ ಅಭಿಮಾನಿ ಬಳಗದ ವಾಟ್ಸಾಪ್ ಗುಂಪಿಗೆ ಬೆಂಕಿ ಬಿತ್ತು. ಲೈನ್‌ಮನ್ನನ್ನು ವಿಜ್ಞಾನಿ ಮಾಡಿದ್ದಾರೆ ಎಂದು ವಿದ್ಯುತ್ ಕಚೇರಿಯ ಗುಮಾಸ್ತರು ಕಣ್ಣೀರಿಟ್ಟರು. ನಾಯಕ ಸಣಕಲ ಎಂದು ವ್ಯಾಯಾಮಶಾಲೆಯ ಗುರುಗಳು ಮೂಗು ಮುರಿದರು. ಚರಂಡಿಯೊಳಗೆ ಹೊಡೆದಾಡಿ ಮೇಲೆ ಬಂದರೂ ಅವನ ಮೇಲಂಗಿಗೆ ಒಂದು ಕಲೆಯೂ ಇಲ್ಲ ಎಂಬುದು ನನ್ನ ವೃತ್ತಿಪರ ಆಕ್ಷೇಪ. ಆದರೆ ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನಾಯಕನಿಗೆ ಮೀಸೆಯೇ ಇರಲಿಲ್ಲ!

“ಮೀಸೆ ಎಲ್ಲಿ?” ಎಂದು ನಾನು ಗುಂಪಿನಲ್ಲಿ ಕೇಳಿದೆ. ಅಷ್ಟೇ! ಸಂಜೆಯ ಹೊತ್ತಿಗೆ ಬಳಗ ಒಡೆದು ಮೀಸೆ ಪಕ್ಷ, ಬೋಳು ಪಕ್ಷ ಎಂದು ಎರಡಾಯಿತು. ಮೀಸೆ ಪಕ್ಷಕ್ಕೆ ನಾನು ನಾಯಕ. ಬೋಳು ಪಕ್ಷಕ್ಕೆ ನಮ್ಮ ಎದುರು ಅಂಗಡಿಯ ಬೇಕರಿಯವರು.

“ಯಜಮಾನ್ರೇ, ಮಿಂಚುಗೈಗೆ ಮೀಸೆ ಇತ್ತು ಅನ್ನೋದಕ್ಕೆ ಸಾಕ್ಷಿ ಏನ್ರೀ?” ಎಂದು ಬೇಕರಿಯವರು ರಸ್ತೆಯ ಆಚೆಯಿಂದಲೇ ಕೂಗಿದರು.

“ಮೊದಲನೇ ಸಂಚಿಕೆ ಇದೆ ಸ್ವಾಮಿ! ಭಾನುವಾರ ಮ್ಯಾಟಿನಿಗೆ ಮುಂಚೆ ಎಲ್ಲರೆದುರು ತೋರಿಸ್ತೀನಿ!”

“ಮೀಸೆ ಇದ್ರೆ ನನ್ನ ಬೇಕರಿ ಬೋರ್ಡಿನ ಮೇಲೆ ಮೀಸೆ ಬರೆಸ್ತೀನಿ. ಇಲ್ಲದಿದ್ರೆ?”

ಆಗಲೇ ನಾನು ನನ್ನ ಮೀಸೆಯನ್ನು ಪಣಕ್ಕಿಟ್ಟದ್ದು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಧೂಳೆಂದರೆ ನನಗೆ ಸೀನು. ಹಾಗಾಗಿ ಅಟ್ಟ ಹತ್ತಿ ಪುಸ್ತಕ ಹುಡುಕಿ ಇಳಿಸಿದ್ದು ಹೆಂಡತಿ. ಒರೆಸಿ, ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟಳು.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಮೀಸೆಗೆ ಎಣ್ಣೆ ಸವರಿ, ಮೇಜಿನ ಹತ್ತಿರ ಬಂದು ನೋಡುತ್ತೇನೆ. ಮುಖಪುಟದ ಮೇಲೆ, ಸರಿಯಾಗಿ ಮಿಂಚುಗೈಯ ಕೆನ್ನೆಯಿಂದ ಮೂಗಿನವರೆಗೆ, ಟೀ ಲೋಟದ ದುಂಡನೆಯ ಕಲೆ!

“ಲೇ! ಇದರ ಮೇಲೆ ಲೋಟ ಇಟ್ಟಿದ್ದು ಯಾರೇ?”

“ಇದ್ರೆ ಇರಲಿ ಬಿಡ್ರೀ. ಹಳೇ ಪುಸ್ತಕ, ಕಲೆ ಇರೋದೇ. ನೀವು ಮಾತ್ರ ಅದನ್ನ ಮುಟ್ಟಬೇಡಿ,” ಎಂದಳು ಅಡುಗೆಮನೆಯಿಂದ.

ಮುಟ್ಟಬೇಡವೇ? ಕಲೆ ತೆಗೆಯುವ ಚಕ್ರವರ್ತಿಯು ಕಲೆ ಹೊತ್ತ ಪುಸ್ತಕವನ್ನು ಸಭೆಯಲ್ಲಿ ಎತ್ತಿ ಹಿಡಿಯುವುದೇ? ಅಂಗಡಿಗೆ ಇಳಿದೆ. ನುಣುಪು ಕಾಗದ, ತೊಂದರೆಯಿಲ್ಲ. ನನ್ನದೇ ಗುಟ್ಟಿನ ದ್ರಾವಣವನ್ನು ಹತ್ತಿಗೆ ತಾಕಿಸಿ ಹಗುರವಾಗಿ ಒರೆಸಿದೆ. ಟೀ ಕಲೆ ಮಾಯ! ಅಂಚಿನಲ್ಲಿ ಇನ್ನೊಂದು ಚೂರು ಉಳಿದಿತ್ತು. ಇನ್ನೊಮ್ಮೆ ಒರೆಸಿದೆ. ಹತ್ತಿ ಕಪ್ಪಗಾಯಿತು. ನೋಡುತ್ತೇನೆ, ಮಿಂಚುಗೈಯ ಮೀಸೆ ಅರ್ಧ ಹೋಗಿತ್ತು! ಗಾಬರಿಯಲ್ಲಿ ಸರಿಮಾಡಲು ಹೋದೆ. ಉಳಿದರ್ಧವೂ ಹೋಯಿತು.

ಬಾಲ್ಯವೇ ಹತ್ತಿಗೆ ಅಂಟಿಕೊಂಡು ಬಂದಿತ್ತು. ನನ್ನ ಕೂಗಿಗೆ ಹೆಂಡತಿ ಕೆಳಗಿಳಿದು ಬಂದಳು. ಪುಸ್ತಕ ನೋಡಿದಳು.

“ಕೆನ್ನೆ ಬಣ್ಣ ಹೋಯ್ತಾ?”

“ಇಲ್ಲ.”

“ಮೂಗಿನ ಕಪ್ಪು ಗೆರೆ?”

“ಇಲ್ಲ ಕಣೇ!”

“ಮತ್ತೆ ಮೀಸೆ ಮಾತ್ರ ಹೇಗ್ರೀ ಹೋಯ್ತು?”

“ಮೀಸೆಗೆ ಬೇರೆ ಶಾಯಿ ಹಾಕಿರ್ತಾರೆ! ಗೌರವಕ್ಕೆ!” ಎಂದು ಕಿರುಚಿದೆ.

ಅವಳು “ಸರಿ,” ಎಂದು ಮೇಲೆ ಹೋದಳು.

ಈಗೇನು ಗತಿ? ಮೀಸೆಯನ್ನು ಮತ್ತೆ ಬರೆಯುವುದೊಂದೇ ದಾರಿ. ಆದರೆ ಅದರ ತುದಿ ಮೇಲಕ್ಕಿತ್ತೋ ಕೆಳಕ್ಕಿತ್ತೋ? ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಮೀಸೆ ಬೇಕಾದ ಹೊತ್ತಿಗೆ ನೆನಪಿಗೆ ಬರಲೊಲ್ಲದು! ನನ್ನ ಜೊತೆ ಆ ಪುಸ್ತಕ ಓದಿದವಳು ನನ್ನ ಅಕ್ಕ. ಬೇರೆ ಊರಿನಲ್ಲಿದ್ದಾಳೆ. ಮೇಲಿಂದ ಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ.

ಹೊತ್ತು ಏರುತ್ತಿತ್ತು. ಗಿರಾಕಿಗಳ ಬಟ್ಟೆಗೆ ಗುರುತು ಹಾಕುವ ಪೆನ್ನು ತೆಗೆದುಕೊಂಡೆ. ಅದರ ಶಾಯಿ ಬಲು ಗಟ್ಟಿ. ಬರೆದ ಮೇಲೆ ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿಸಿಬಿಟ್ಟರೆ ಆಮೇಲೆ ನಾನೇ ತಿಪ್ಪರಲಾಗ ಹಾಕಿದರೂ ಹೋಗುವುದಿಲ್ಲ. ಬರೆದೆ. ಎಡಗಡೆ ಕೊಂಚ ದಪ್ಪವಾಯಿತು. ಸರಿದೂಗಿಸಲು ಬಲಗಡೆ ದಪ್ಪ ಮಾಡಿದೆ. ಅದು ಹೆಚ್ಚಾಯಿತೆಂದು ಎಡಗಡೆ ಉದ್ದ ಮಾಡಿದೆ. ಕೊನೆಗೆ ಮಿಂಚುಗೈಯ ಮೂಗಿನ ಕೆಳಗೆ ಯಾವುದೋ ಪ್ರಾಣಿ ಮಲಗಿದಂತೆ ಕಂಡಿತು. ಜಗತ್ತನ್ನು ಕಾಯುವ ವೀರ, ಸೀನು ತಡೆದುಕೊಂಡು ನಿಂತ ಬೀಗರ ಹಾಗಿದ್ದ. ಆದರೂ ಮೀಸೆ ಮೀಸೆಯೇ! ಮೇಲೊಂದು ತೆಳು ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆ ಕಾಯಿಸಿ, ದೇವರೇ ಎಂದು ಎತ್ತಿದೆ.

ಫೋನ್ ಹೊಡೆದುಕೊಂಡಿತು. ಅಕ್ಕ!

“ಏನೋ ಅದು, ಬೆಳಿಗ್ಗೆ ಬೆಳಿಗ್ಗೆ ಅಷ್ಟು ಸಲ ಫೋನ್ ಮಾಡಿದ್ದೀಯ? ಎಲ್ಲರೂ ಆರಾಮ ತಾನೇ?”

“ಅಕ್ಕಾ, ಮಿಂಚುಗೈ ಮೊದಲನೇ ಪುಸ್ತಕದಲ್ಲಿ ಅವನ ಮೀಸೆ ತುದಿ ಮೇಲಕ್ಕಿತ್ತೋ ಕೆಳಕ್ಕಿತ್ತೋ? ಬೇಗ ಹೇಳು!”

“ಮೀಸೆನಾ? ಅವನಿಗೆಲ್ಲೋ ಮೀಸೆ? ಓ, ನಾನು ಬರೆದಿದ್ನಲ್ಲ, ಅದಾ?”

ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಅಲ್ಲೇ ನಿಂತಿತು.

“ನೀನು ಬರೆದಿದ್ದಾ?”

“ಹೂಂ ಕಣೋ. ಅಪ್ಪ ರೈಲ್ವೆ ಡ್ಯೂಟಿಗೆ ಹೋದಾಗೆಲ್ಲ ನೀನು ಹೆದರಿಕೊಂಡು ಅಳ್ತಿದ್ದೆ. ಅದಕ್ಕೇ ಇವನಿಗೆ ಅಪ್ಪನ ಮೀಸೆ ಬರೆದು, ‘ನೋಡು, ಅಪ್ಪ ಇಲ್ಲೇ ಇದ್ದಾರೆ’ ಅಂತ ನಿನ್ನ ದಿಂಬಿನ ಕೆಳಗೆ ಇಟ್ಟೆ. ಸುಮ್ಮನೆ ಮಲಗ್ತಿದ್ದೆ ಆಮೇಲೆ.”

ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನನ್ನ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡೆ. ಅದರ ಹಿಂದೆಯೇ ಹೋದ ಜೀವ ಬಂದಂತಾಯಿತು. ನಾನು ಮೊದಲ ಸಂಚಿಕೆಯನ್ನು ಹಾಳು ಮಾಡಿಲ್ಲ! ನಾನು ಮಹಾಪಾಪಿಯಲ್ಲ! ಬಿಸಿ ತಾಗದ ಶಾಯಿ ಇನ್ನೂ ಹಸಿಯಾಗಿಯೇ ಇತ್ತು. ಹತ್ತಿಯಿಂದ ಒಂದೇ ಸಲ ಒರೆಸಿದೆ. ಆ ಪ್ರಾಣಿ ಎದ್ದು ಹೋಯಿತು. ಒಳಗಿನಿಂದ ಹೊಚ್ಚ ಹೊಸ ಮಿಂಚುಗೈ, ಬೋಳು ತುಟಿಯಲ್ಲಿ, ನಗುತ್ತಾ ಬಂದ.

“ಲೇ, ಅದು ಅಕ್ಕ ಬರೆದ ಮೀಸೆಯಂತೆ! ಪುಸ್ತಕಕ್ಕೆ ಏನೂ ಆಗಿಲ್ಲ!” ಎಂದು ಮೆಟ್ಟಿಲೆಲ್ಲ ಕುಣಿದು ಮೇಲೆ ಹತ್ತಿದೆ.

“ಒಳ್ಳೇದಾಯ್ತು. ಪಣ?” ಎಂದಳು ಹೆಂಡತಿ.

ನಾನು ಮೆಟ್ಟಿಲ ಮೇಲೆಯೇ ಕೂತೆ. “ಇದು ಅಪ್ಪನ ಮೀಸೆ ಕಣೇ. ಹೇಗೆ ತೆಗೆಯೋದು?”

“ಮಾವನವರ ಮೀಸೆ ಮಾವನವರ ಮುಖಕ್ಕೆ ಒಪ್ತಿತ್ತು,” ಎಂದು ಅವಳು ಒಳಗೆ ಹೋದಳು.

ಮ್ಯಾಟಿನಿಗೆ ಮುಂಚೆ ಮಂದಿರದ ಮುಂದೆ ಜಾತ್ರೆಯೋ ಜಾತ್ರೆ. ನನ್ನ ಪಕ್ಷದವರೆಲ್ಲ ಅಂಟಿಸುವ ಮೀಸೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ವ್ಯಾಯಾಮಶಾಲೆಯ ಗುರುಗಳು ಬೆವರಿ, ಅವರ ಮೀಸೆ ಗಲ್ಲಕ್ಕೆ ಇಳಿದಿತ್ತು. ನನ್ನ ಕಂಡೊಡನೆ ಜಯಘೋಷ! ಬೇಕರಿಯವರು ಪಕ್ಕದ ಸೆಲೂನಿನವರನ್ನು ಕರೆದುಕೊಂಡೇ ಬಂದಿದ್ದರು. ಮುನ್ನೆಚ್ಚರಿಕೆ ಅಂದರೆ ಅದು!

ನಾನು ಮೆಟ್ಟಿಲು ಹತ್ತಿ ಪುಸ್ತಕ ಎತ್ತಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಮಹಾಜನಗಳೇ, ಮಿಂಚುಗೈಗೆ ಮೀಸೆ ಇರಲಿಲ್ಲ. ಅದು ನಮ್ಮಕ್ಕ ಬರೆದದ್ದು,” ಎಂದುಬಿಟ್ಟೆ.

ನನ್ನ ಪಕ್ಷದವರು ನನ್ನನ್ನು ಹರಿದು ಹಾಕುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ವಿದ್ಯುತ್ ಕಚೇರಿಯ ಗುಮಾಸ್ತರು ಮುಂದೆ ಬಂದು, ಕನ್ನಡಕ ಸರಿಪಡಿಸಿಕೊಂಡು, ಮುಖಪುಟವನ್ನು ದಿಟ್ಟಿಸಿ ನೋಡಿ ತೀರ್ಪು ಕೊಟ್ಟರು.

“ಹಾಗಾದ್ರೆ ಚಿತ್ರ ಬರೆದವನೇ ತಪ್ಪು ಮಾಡಿದ್ದಾನೆ! ಮಿಂಚುಗೈಗೆ ಮೀಸೆ ಬೇಕೇ ಬೇಕು!”

“ಬೇಕೇ ಬೇಕು!” ಎಂದು ಪಕ್ಷವೆಲ್ಲ ಕೂಗಿತು. ಅಭಿಮಾನಿ ಎಂದರೆ ಏನೆಂದು ನನಗೆ ಅಂದೇ ಅರ್ಥವಾಯಿತು. ನಾಯಕ ಸೋತರೂ ಚಳವಳಿ ನಿಲ್ಲಲಿಲ್ಲ. ನನ್ನನ್ನು ಮಾತ್ರ ಯಾರೂ ಬಿಡಲಿಲ್ಲ. ಸೆಲೂನಿನವರು ನೊರೆ ಹಚ್ಚಿ, ಕತ್ತಿ ಆಡಿಸಿ, ಕೆಲಸ ಮುಗಿಸಿದರು. ಬೇಕರಿಯವರು ನನ್ನ ಕೈಗೆ ಒಂದು ಕೇಕ್ ಕೊಟ್ಟು, “ಯಜಮಾನ್ರೇ, ಇಷ್ಟು ಜನರೆದುರು ನಿಜ ಹೇಳಿದ್ರಲ್ಲ, ದೊಡ್ಡದು ಬಿಡಿ,” ಎಂದು ಬೆನ್ನು ತಟ್ಟಿದರು. ಮೇಲ್ದುಟಿಗೆ ತಣ್ಣನೆ ಗಾಳಿ ತಾಗಿತು. ನಿಜ ಹೇಳುತ್ತೇನೆ, ಹಾಯೆನಿಸಿತು! ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತು ಪೂರ್ತಿ ಸಿನಿಮಾ ನೋಡಿದೆ. ಮೀಸೆಯ ಯೋಚನೆಯೇ ಬರಲಿಲ್ಲ. ಲೈನ್‌ಮನ್ ಹೋಗಿ ವಿಜ್ಞಾನಿಯಾದರೂ ಮಿಂಚು ಹಾರಿಸಿದಾಗಲೆಲ್ಲ ಸೀಟಿನಿಂದ ಎದ್ದು ಶಿಳ್ಳೆ ಹೊಡೆದೆ.

ಮನೆಗೆ ಬಂದು ಕಾಲು ಚಾಚಿ ಕೂತೆ. ಹೆಂಡತಿ ಟೀ ತಂದು ಮೇಜಿನ ಮೇಲಿಟ್ಟಳು. ಲೋಟ ಎತ್ತಿದೆ, ಕೆಳಗೆ ದುಂಡನೆಯ ಕಲೆ. ಎಲ್ಲೋ ನೋಡಿದ ಕಲೆ! ಅವಳ ಮುಖ ನೋಡಿದೆ.

“ಆ ಲೋಟ ಇಟ್ಟಿದ್ದು...?”

“ನಾನೇ. ಅಟ್ಟದಿಂದ ಇಳಿಸಿದಾಗ್ಲೇ ಮುಖಪುಟ ತಿರುಗಿಸಿ ನೋಡಿದೆ. ಹಿಂದುಗಡೆ ಪೆನ್ನು ಒತ್ತಿದ ಗುರುತು ಮೀಸೆ ಆಕಾರದಲ್ಲೇ ಉಬ್ಬಿತ್ತು. ಅಲ್ಲಿ ಬೇಕರಿಯವರು ಅದನ್ನ ಕಂಡುಹಿಡಿದು, ಮೋಸ ಅಂತ ಕೂಗಿದ್ರೆ ನಿಮ್ಮ ಮಾನ ಉಳೀತಿತ್ತಾ?”

“ಬಾಯಿಬಿಟ್ಟು ಹೇಳಬಾರದಿತ್ತೇನೇ?”

“ಹೇಳಿದ್ರೆ ನಂಬ್ತಿದ್ರಾ? ಮುಟ್ಟಬೇಡಿ ಅಂದೆ, ಮುಟ್ಟಿದ್ರಿ. ಇಷ್ಟು ವರ್ಷ ಅಂಗಡಿಯಲ್ಲಿ ಕೂತು ನಾನೂ ಒಂದಿಷ್ಟು ಕಲಿತಿದ್ದೀನಿ. ಕೆಲವು ಹಟಮಾರಿ ಕಲೆ ಹೋಗಬೇಕಾದ್ರೆ ಪಕ್ಕದಲ್ಲಿ ಇನ್ನೊಂದು ಕಲೆ ಮಾಡಬೇಕಾಗತ್ತೆ ರೀ.”

ಹೀಗೆಂದವಳು ನನ್ನ ಬೋಳು ತುಟಿಯನ್ನು ತೃಪ್ತಿಯಿಂದ ನೋಡಿ, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಂಗಡಿಯ ಬೋರ್ಡನ್ನು ಬದಲಾಯಿಸಿದೆ. ‘ಕಲೆ ತೆಗೆಯುವುದರಲ್ಲಿ ಊರಿಗೇ ಮೊದಲಿಗರು’ ಎಂಬ ಸಾಲು ಹಾಗೆಯೇ ಇದೆ. ಅದರ ಪಕ್ಕದಲ್ಲಿದ್ದ ನನ್ನ ಫೋಟೋ ತೆಗೆದು ಅವಳದನ್ನು ಹಾಕಿಸಿದ್ದೇನೆ.