ನೋಡದ ಸಿನೆಮಾಕ್ಕೆ ಬರೆದ ನಾಲ್ಕು ಸಾಲು

ನಾನು ಸಿನೆಮಾ ನೋಡಲಿಲ್ಲ. ನೋಡಿ ಬಾ ಎಂದು ಅಣ್ಣ ಬಸ್ಸಿನ ಚಾರ್ಜು ಕೊಟ್ಟು ಕಳಿಸಿದ್ದ, ನೋಡದೇ ಬಂದೆ. ಬಂದು, ನೋಡಿದೆ ಎಂದು ಹೇಳಿದೆ. ಹೇಳಿದ್ದು ಸಾಲದೆಂದು ಬರೆದೂ ಕೊಟ್ಟೆ. ಉಳಿದವರು ಸುಳ್ಳನ್ನು ಬಾಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ನಾನು ಅಚ್ಚು ಹಾಕಿಸಿ ಇಡೀ ಮೂಡಲಗಿಗೆ ಹಂಚಿಸಿದೆ! ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಅಣ್ಣನದು ಮೂಡಲಗಿಯಲ್ಲಿ ತಂಬು ಹೊಡೆದ ಟೂರಿಂಗ್ ಟಾಕೀಸು. ಗೋಕಾಕದ ಥೇಟರಿನಲ್ಲಿ ಓಡಿ ಮುಗಿದ ಸಿನೆಮಾ ಮುಂದಿನ ವಾರ ನಮ್ಮಲ್ಲಿಗೆ ಬರುತ್ತಿತ್ತು. ಅದಕ್ಕೂ ಮೊದಲು ಚಕ್ಕಡಿಗೆ ಭೋಂಗಾ ಕಟ್ಟಿ, ಮೈಕಿನಲ್ಲಿ ಕೂಗುತ್ತ, ಊರಲ್ಲಿ ಹ್ಯಾಂಡ್‌ಬಿಲ್ ಹಂಚಬೇಕು. ಅದರಲ್ಲಿ ನಾಲ್ಕು ಸಾಲು ಕಥೆ ಇರಬೇಕು. ಕಥೆ ಅರ್ಧಕ್ಕೆ ನಿಲ್ಲಬೇಕು. ಕೊನೆಗೆ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ" ಎಂದಿರಬೇಕು. ಅಣ್ಣನಿಗೆ ಎಂಜಿನ್ ಬಿಚ್ಚಿ ಜೋಡಿಸಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ನಾಲ್ಕನೆಯ ಇಯತ್ತೆ ಪಾಸಾದವಳು. ಮನೆಯ ಪಂಡಿತಳೆಂದರೆ ನಾನೇ!

"ತಂಗೆವ್ವಾ, ವಾರಕ್ಕೊಮ್ಮೆ ಗೋಕಾಕಕ್ಕ ಹೋಗು. ಮಾವಶಿ ಕೂಡ ಕುಂತು ಸಿನೆಮಾ ಪೂರಾ ನೋಡು. ಬಂದು ಬರಿ," ಎಂದ ಅಣ್ಣ.

"ಇಷ್ಟs ಹೌದಲ್ಲೊ? ಇದೇನು ಕಲ್ಲು ಒಡಿಯೂ ಕೆಲಸಾ? ಬಿಡು!" ಎಂದೆ.

ಮಧ್ಯಾಹ್ನದ ಆಟ ಬಿಡುವುದು ಆರಕ್ಕೆ. ಮೂಡಲಗಿಯ ಕೊನೆಯ ಬಸ್ಸು ಐದಕ್ಕೆ. ಮೊದಲ ವಾರ ಅರ್ಧಕ್ಕೇ ಎದ್ದು ಓಡಿದೆ. ಹ್ಯಾಂಡ್‌ಬಿಲ್ಲಿನ ಕಥೆಯೂ ಅರ್ಧವೇ ತಾನೆ! ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ವಾರ ಬೆಂಚಿನ ತಿಗಣೆಗಳು ನನ್ನನ್ನು ಕಾಲು ಭಾಗಕ್ಕೇ ಎಬ್ಬಿಸಿದವು. ಮೂರನೆಯ ವಾರದಿಂದ ಥೇಟರಿನ ಹೊರಗಿನ ಪೋಸ್ಟರ್ ನೋಡುವುದು, ನೇರವಾಗಿ ಅವ್ವನ ತಂಗಿ ಮಾವಶಿಯ ಅಡುಗೆಮನೆ ಸೇರುವುದು. ಮಾವಶಿ ಕರದಂಟು ಮಾಡಿ ಮಾರುತ್ತಿದ್ದಳು. ಬಾಣಲೆಯ ತಳ ಕೆರೆದು ತಿನ್ನುವ ಹಕ್ಕು ನನ್ನದಾಗಿತ್ತು.

"ಅಲ್ಲವಾ, ಸಿನೆಮಾ ಸುರು ಆಗಿರಬೇಕಲ್ಲ?" ಎನ್ನುತ್ತಿದ್ದಳು ಮಾವಶಿ.

"ಪೋಸ್ಟರ್ ನೋಡೀನಿ. ಕತಿ ಎಲ್ಲಾ ಅದರಾಗs ಐತಿ!"

ಒಂದು ಪೋಸ್ಟರಿನಲ್ಲಿ ಒಬ್ಬ ಹೆಂಗಸು ಕಣ್ಣೀರು ಸುರಿಸುತ್ತಿದ್ದಳು. ಬರೆದೆ: "ಕಲ್ಲೆದೆಯನ್ನೂ ಕರಗಿಸುವ ಸಾಂಸಾರಿಕ ಚಿತ್ರ! ಪತಿಯಿಂದ ದೂರಾದ ಸತಿಯ ಗೋಳು! ಕರವಸ್ತ್ರ ಮರೆಯದಿರಿ!" ಅದು ನಗೆಚಿತ್ರ. ಆ ಹೆಂಗಸು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳಂತೆ. ಉಳ್ಳಾಗಡ್ಡಿ ಬಿಟ್ಟು ಬರೀ ಕಣ್ಣೀರು ಬಿಡಿಸಿದ ಆ ಪೇಂಟರನ ಕುಂಚಕ್ಕೆ ಗೆದ್ದಲು ಹತ್ತಲಿ! ಅಳಲೆಂದು ಸೆರಗು ಸಿದ್ಧ ಮಾಡಿಕೊಂಡು ಬಂದ ಹೆಂಗಸರು, ನಗಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಇನ್ನೊಂದರಲ್ಲಿ ಕುದುರೆ ಮುಂಗಾಲೆತ್ತಿ ನಿಂತಿತ್ತು. "ಮೈ ನವಿರೇಳಿಸುವ ಸಾಹಸ ಚಿತ್ರ! ಹದಿನಾಲ್ಕು ಘನಘೋರ ಕಾಳಗಗಳು!" ಎಂದು ಬರೆದೆ. ತಾಲೀಮು ಮಾಡುವ ಹುಡುಗರೆಲ್ಲ ಬಂದು ಮುಂದೆ ಮರಳಿನಲ್ಲಿ ಕುಳಿತರು. ಕುದುರೆ ಬಂತು. ಮೇಲೆ ಮದುಮಗ ಕುಳಿತಿದ್ದ. ಕುದುರೆ ಹೋಯಿತು. ಆಮೇಲೆ ಎರಡೂವರೆ ತಾಸು ಸೊಸೆ ಅತ್ತೆಯ ಕಾಲೊತ್ತಿದಳು!

"ಎಲ್ಲ್ಯದಾವ್ರಿ ಹದಿನಾಲ್ಕು ಕಾಳಗ?" ಎಂದು ಹುಡುಗರು ಅಣ್ಣನ ಅಂಗಿ ಹಿಡಿದರು. ಮೊದಲನೆಯ ಕಾಳಗ ಗೇಟಿನಲ್ಲಿ ನಡೆಯಿತು.

ಹರಿದ ಅಂಗಿಯಲ್ಲೇ ಅಣ್ಣ ಕೂಗಾಡಿದ: "ಕಂಪನಿಯವರು ರೀಲು ಕತ್ತರಿಸಿ ಕಳಸ್ಯಾರ, ಹಲ್ಕಟ್ ಮಂದಿ! ನನ್ನ ತಂಗಿ ಕಣ್ಣಾರೆ ನೋಡಿ ಬರದಾಳ!" ನಾನು ಅವನಿಗಿಂತ ಜೋರಾಗಿ ಕಂಪನಿಯವರಿಗೆ ಬೈದೆ.

ಅಷ್ಟರಲ್ಲಿ ಹುಕ್ಕೇರಿಯ ಸಂಬಂಧ ಬಂತು. ಹುಡುಗಿ ಅಣ್ಣನ ಮನಸ್ಸಿಗೆ ಬಂದಿದ್ದಳು. ಅವಳ ಅಪ್ಪನ ಮನಸ್ಸಿಗೆ ನಮ್ಮ ತಂಬು ಬಂದಿರಲಿಲ್ಲ. "ಕುಣಿಸೂ ಮಂದಿಗೆ ಮಗಳ್ನ ಕೊಡಂಗಿಲ್ಲ" ಎಂದಿದ್ದರು. ಹತ್ತು ಸಲ ಹೇಳಿ ಕಳಿಸಿದ ಮೇಲೆ, ಒಂದು ಸಿನೆಮಾ ನೋಡಿ ತೀರ್ಮಾನ ಹೇಳುವುದಾಗಿ ಒಪ್ಪಿದರು.

"ತಂಗೆವ್ವಾ, ಈ ಸಲ ಬಸ್ಸು ಹೋದ್ರ ಹೋಗಲಿ, ಮಾವಶಿ ಮನ್ಯಾಗ ಉಳಕೊ. ಕೊನೀತನಕಾ ನೋಡು. ಹಿರ್‍ಯಾರಿಗೆ ತೋರಸೂವಂಥಾದ್ದು ಇದ್ರಷ್ಟs ಅವರನ್ನ ಕರೀತೇನಿ," ಎಂದ ಅಣ್ಣ.

ಹೊರಟಾಗ ಖರೇನೇ ನೋಡಬೇಕೆಂದಿದ್ದೆ. ಆದರೆ ಅವತ್ತು ಮಾವಶಿ ಎರಡು ಬಾಣಲೆ ಕರದಂಟು ಮಾಡಿದ್ದಳು! ಮರಳುವ ಬಸ್ಸಿನ ಕಿಟಕಿಯಿಂದಲೇ ಪೋಸ್ಟರ್ ನೋಡಿದೆ. ಕಣ್ಣು ಮುಚ್ಚಿದ ಗಡ್ಡದ ಸನ್ಯಾಸಿ. ಎದುರಿಗೆ ಆರತಿ ಹಿಡಿದ ಹೆಂಗಸು. ಇನ್ನೇನು ಬೇಕು? "ಶಾಂತಿ, ಭಕ್ತಿ, ವೈರಾಗ್ಯಗಳ ಸಂಗಮ! ಹಿರಿಯರೊಂದಿಗೆ ತಪ್ಪದೇ ನೋಡಿರಿ!"

ಅವರು ಬಂದರು. ಅಣ್ಣ ಕನ್ನಡ ಸಾಲಿಯಿಂದ ಖುರ್ಚಿ ತರಿಸಿ ಹಾಕಿದ್ದ. ಭಕ್ತಿ ಚಿತ್ರವೆಂದು ಹುಡುಗಿಯ ಅಪ್ಪ ಚಪ್ಪಲಿ ಹೊರಗೆ ಬಿಟ್ಟರು. ತೆರೆಯ ಮೇಲೆ ದೇವರು ಬಂದರೆ ಆರತಿ ಎತ್ತುವುದು ನಮ್ಮ ಕಡೆಯ ರೂಢಿ. ಹುಡುಗಿಯ ಅಜ್ಜಿ ತಟ್ಟೆ, ಕರ್ಪೂರ ತಂದಿದ್ದಳು. ಸನ್ಯಾಸಿ ಕಂಡದ್ದೇ ತಡ, ಅಜ್ಜಿ ಎದ್ದು ಆರತಿ ಬೆಳಗಿದಳು. ತಂಬಿನ ತುಂಬ ಮಂದಿ ಕೈ ಮುಗಿದರು. ಸನ್ಯಾಸಿ ಕಣ್ಣು ತೆರೆದ. ಗಡ್ಡ ಕಿತ್ತು ಬಾಜೂಕ ಇಟ್ಟ. ಜೋಳಿಗೆಯಿಂದ ಪಿಸ್ತೂಲು ತೆಗೆದ, ಆಮೇಲೆ ಬಾಟಲಿ ತೆಗೆದ. ಆರತಿ ಹಿಡಿದಿದ್ದ ಹೆಂಗಸು ತಟ್ಟೆ ಬಿಸಾಡಿ ಸೊಂಟ ಕುಣಿಸತೊಡಗಿದಳು. ಆ ಕಳ್ಳಸನ್ಯಾಸಿ ಒಬ್ಬ ಮುದುಕಿಯ ಕೊರಳ ಸರಕ್ಕೆ ಕೈ ಹಾಕಿದ. ಇತ್ತ ಅಜ್ಜಿಯ ಕೈಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು!

"ನಡೀರಿ ಎಲ್ಲಾರೂ!" ಎಂದು ಹುಡುಗಿಯ ಅಪ್ಪ ಗುಡುಗಿದರು. ಗದ್ದಲದಲ್ಲಿ ಅವರಿಗೆ ಒಂದೇ ಚಪ್ಪಲಿ ಸಿಕ್ಕಿತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬರೀ ಸಿಟ್ಟು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಅಣ್ಣ ಆಟ ನಿಲ್ಲಿಸಿ, ಸಿನೆಮಾದ ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಿದ.

ಎಂಟು ದಿನದ ಮೇಲೆ ಉಳಿದ ಚಪ್ಪಲಿ ಹಿಡಿದುಕೊಂಡು ನಾವಿಬ್ಬರೂ ಹುಕ್ಕೇರಿಗೆ ಹೋದೆವು. ಚಪ್ಪಲಿ ಸುತ್ತಲು ಬೇರೆ ಕಾಗದ ಇರಲಿಲ್ಲ. ನನ್ನದೇ ಹ್ಯಾಂಡ್‌ಬಿಲ್ಲಿನಲ್ಲಿ ಸುತ್ತಿದ್ದೆ. ಹುಡುಗಿಯ ಅಪ್ಪ ಕಾಗದ ಬಿಚ್ಚಿ, ಚಪ್ಪಲಿ ಪಕ್ಕಕ್ಕಿಟ್ಟು, ಅಕ್ಷರ ಕೂಡಿಸಿ ಓದಿದರು.

"ಶಾಂತಿ, ಭಕ್ತಿ, ವೈರಾಗ್ಯ! ಎಲ್ಲಿತ್ತೋ ಶಾಂತಿ? ಪಿಸ್ತೂಲಿನ್ಯಾಗ ಇತ್ತೇನು?"

"ಕಾಕಾರ, ನೀವು ಅರ್ಧಕ್ಕ ಎದ್ದು ಬಂದ್ರಿ," ಎಂದ ಅಣ್ಣ. "ಭಕ್ತಿ ಕೊನೀಗಿ ಬರತೈತ್ರಿ. ನನ್ನ ತಂಗಿ ಪೂರಾ ನೋಡ್ಯಾಳ. ಆಕಿ ಸುಳ್ಳು ಬರಿಯಾಕಿ ಅಲ್ರಿ."

"ಹಂಗಾದ್ರ ಆಕೀನs ಹೇಳಲಿ! ಆ ಕಳ್ಳ ಕೊನೀಗಿ ಸುಧಾರಿಸಿದ್ರ ಮುಂದಿನ ಮಾತು. ಇಲ್ಲಂದ್ರ ಬಂದ ದಾರಿ ಹಿಡೀರಿ!"

ಮೂಲೆಯಿಂದ ಅಜ್ಜಿಯೂ ಕೇಳಿದಳು: "ಹೌದs ನನ್ನವ್ವಾ, ಹೇಳು. ಆ ಮುದಕೀ ಸರ ತಿರುಗಿ ಕೊಟ್ಟನೇನು? ಎಂಟು ದಿನಾತು, ನನಗ ಅದರದs ಚಿಂತಿ."

ಬಾಗಿಲ ಹಿಂದೆ ಹುಡುಗಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

ಕಥೆ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಕಳ್ಳ ಸರ ತಿರುಗಿ ಕೊಟ್ಟು, ಮುದುಕಿಯ ಕಾಲಿಗೆ ಬಿದ್ದು, ಖರೇನೇ ಗಡ್ಡ ಬಿಟ್ಟು ಹಿಮಾಲಯಕ್ಕೆ ಹೋಗುತ್ತಾನೆ. ನಾಲ್ಕೇ ಸಾಲು! ಅಣ್ಣನ ಮದುವೆ ಆಗಿಹೋಗುತ್ತದೆ. ಬಾಯಿ ತೆರೆದು ಅಣ್ಣನ ಕಡೆ ನೋಡಿದೆ. ಅವನು ಹೆದರಿರಲೇ ಇಲ್ಲ. ತಂಗಿ ನೋಡಿದ್ದಾಳೆ, ಹೇಳುತ್ತಾಳೆ ಎಂದು ಆರಾಮಾಗಿ ಕುಳಿತಿದ್ದ. ಹರಿದ ಅಂಗಿಗೆ ನಾನೇ ಹಾಕಿದ ಹೊಲಿಗೆ ಅವನ ಎದೆಯ ಮೇಲೆ ಡೊಂಕಾಗಿ ಕಾಣುತ್ತಿತ್ತು.

"ಅಣ್ಣಾ, ತಪ್ಪಾತೊ. ನಾ ಅದರ ಕೊನೀ ನೋಡಿಲ್ಲ... ಮೊದಲೂ ನೋಡಿಲ್ಲ. ಕರದಂಟು ತಿನ್ನಾಕತ್ತಿದ್ದೆ."