ಟೊಮೇಟೊ ಮನೆತನದವನ ಕಂಪ್ಯೂಟರ್ ಖರೀದಿ

ಏರಿದ ಬೆಲೆ ಇಳಿಯಲೇಬೇಕು ಎಂಬುದು ನಮ್ಮ ಮನೆತನದ ನಂಬಿಕೆ. ದೇವರ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯ ಉಂಟು, ಇದರಲ್ಲಿ ಇಲ್ಲ. ಬೈರಕೂರಿನಲ್ಲಿ ಅಜ್ಜನ ಕಾಲದಿಂದ ಟೊಮೇಟೊ ಬೆಳೆದವರು ನಾವು. ಬೆಳಿಗ್ಗೆ ಮೆರೆದ ಹಣ್ಣು ಸಂಜೆಗೆ ಕೇಳುವವರಿಲ್ಲದೆ ರಸ್ತೆ ಪಕ್ಕ ಬಿದ್ದಿರುವುದನ್ನು ನೋಡುತ್ತಲೇ ದೊಡ್ಡವನಾದೆ. ಈಗ ಮುಳಬಾಗಿಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಆದರೂ ಯಾವುದೇ ಅಂಗಡಿ ಮೆಟ್ಟಿಲು ಹತ್ತಿದೊಡನೆ ನನ್ನೊಳಗಿನ ಟೊಮೇಟೊ ವ್ಯಾಪಾರಿ ಎದ್ದು ಕೂರುತ್ತಾನೆ.

ನನ್ನ ಹೆಂಡತಿ ಮಂಜುಳ ಮನೆಯಲ್ಲೇ ಕೂತು ಸ್ಟುಡಿಯೋದವರಿಗೆ ಮದುವೆ ಆಲ್ಬಂ ಡಿಸೈನ್ ಮಾಡಿಕೊಡುತ್ತಾಳೆ. ಅವಳ ಹಳೆಯ ಕಂಪ್ಯೂಟರಿನಲ್ಲಿ ವರನನ್ನು ಎಳೆದು ವಧುವಿನ ಪಕ್ಕ ನಿಲ್ಲಿಸಲು ಹೊರಟರೆ, ಅವನು ಅಲ್ಲಿಗೆ ಮುಟ್ಟುವುದರೊಳಗೆ ಅಡುಗೆಮನೆಯಲ್ಲಿ ಬೇಳೆ ಬೆಂದಿರುತ್ತಿತ್ತು. ಶ್ರೀನಿವಾಸಪುರದ ಸ್ಟುಡಿಯೋದವರು, ಈ ಸಲದ ಲಗ್ನಗಳಿಗೂ ತಡವಾದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ನಯವಾಗಿಯೇ ಹೇಳಿದ್ದರು. "ಅಂಗಡೀಲಿ ರೆಡಿ ಇರೋದೇ ಒಂದು ತಂದ್ಬಿಡೋಣ ರೀ" ಎಂದಳು. ರೆಡಿ ಮಾಲು ಕೊಳ್ಳುವುದೆಂದರೆ ನಮ್ಮವರಿಗೆ ಹೋಟೆಲಿನಿಂದ ಮುದ್ದೆ ತಂದಷ್ಟು ಅವಮಾನ. "ಬಿಡಿಬಿಡಿಯಾಗಿ ತಂದು ಜೋಡಿಸಿದ್ರೆ ಅರ್ಧಕ್ಕೆ ಆಗ್ತದೆ ಕಣೇ. ಯಾವುದರ ರೇಟು ಯಾವಾಗ ಬೀಳ್ತದೋ ಆವಾಗ ಅದನ್ನ ತಂದ್ರಾಯ್ತು" ಎಂದೆ.

ಮೊದಲು ಬಿದ್ದದ್ದು ಕ್ಯಾಬಿನೆಟ್ಟಿನ ರೇಟು, ಅಂದರೆ ಬಿಡಿಭಾಗಗಳನ್ನೆಲ್ಲ ಕೂರಿಸುವ ಹೊರಪೆಟ್ಟಿಗೆಯದು. ಪಕ್ಕದಲ್ಲಿ ಗಾಜು, ಒಳಗೆ ಬಣ್ಣದ ದೀಪದ ಫ್ಯಾನು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅಮ್ಮ ಅದಕ್ಕೆ ಕುಂಕುಮ ಇಟ್ಟು, ಗಾಜಿನೊಳಗೆ ಇಣುಕಿ, "ಒಳಗೇನೂ ಇಲ್ವಲ್ಲೋ" ಎಂದಳು. "ಬರ್ತದೆ" ಎಂದೆ.

ಬರಲಿಲ್ಲ. ಕಂಪ್ಯೂಟರಿಗೆ ಜ್ಞಾಪಕಶಕ್ತಿ ಕೊಡುವ ರ‍್ಯಾಮ್ ಎಂಬ ಗೇಣುದ್ದವೂ ಇಲ್ಲದ ಪಟ್ಟಿಯೊಂದಿದೆ. ಅದರ ಬೆಲೆ ಏರುತ್ತಿತ್ತು. ಅದು ಬೀಳುವವರೆಗೆ ಉಳಿದದ್ದಕ್ಕೆ ಕೈ ಹಾಕುವುದಿಲ್ಲ ಎಂದು ಹಟ ಹಿಡಿದೆ. ಕೋಲಾರದ ಅಂಗಡಿಗೆ ಬೇಕೆಂದೇ ಬಾಗಿಲು ಹಾಕುವ ಹೊತ್ತಿಗೆ ಹೋಗುತ್ತಿದ್ದೆ. ಮಿಕ್ಕ ಮಾಲನ್ನು ಆಗ ಕೇಳಿದ ಬೆಲೆಗೆ ಕೊಡುವುದು ಸಂತೆಯ ಪದ್ಧತಿ ತಾನೇ? ಅಂಗಡಿಯವನು ಷಟರಿನ ಕೊಕ್ಕೆ ಕೈಯಲ್ಲಿ ಹಿಡಿದೇ, "ಸಾರ್, ಇದು ಕೊಳೆಯಲ್ಲ. ಇವತ್ತು ಹೋಗ್ದಿದ್ರೆ ನಾಳೆ ಇನ್ನೂ ಜಾಸ್ತಿಗೆ ಹೋಗ್ತದೆ. ಎಐ ಕಂಪನಿಯವ್ರು ಲೋಡುಗಟ್ಟಲೆ ಎತ್ತುತಾವ್ರೆ" ಎಂದ. ನಾನು ಒಳಗೊಳಗೇ ನಕ್ಕೆ. ಮಾರುವಾಗ ಇಂಥ ಮಾತನ್ನು ನಾವೇ ಎಷ್ಟು ಜನಕ್ಕೆ ಹೇಳಿಲ್ಲ! ಅಮ್ಮನೂ "ಎಂದುಕುರಾ ತೊಂದರ? ಯಾಕೋ ಅವಸರ? ಅರ್ಜೆಂಟು ಮಾಡಿದೋನು ಕೆಟ್ಟ" ಎಂದು ಅರ್ಧ ತೆಲುಗಿನಲ್ಲಿ ಧೈರ್ಯ ಹೇಳಿದಳು. ಹೋದಾಗಲೆಲ್ಲ ಬೆಲೆ ಮೊದಲಿಗಿಂತ ಮೇಲಿರುತ್ತಿತ್ತು. ಎಷ್ಟು ಮೇಲೆ ಹೋದರೆ ಅಷ್ಟು ಜೋರಾಗಿ ಬೀಳುತ್ತದೆ ಎಂದು ನಾನು ಖುಷಿಯಾಗಿಯೇ ಬಸ್ಸು ಹತ್ತುತ್ತಿದ್ದೆ.

ಹೀಗೆ ಬರಿಗೈಯಲ್ಲಿ ಬಂದ ಒಂದು ದಿನ ನೋಡಿದರೆ ಮಂಜುಳ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಸ್ಟುಡಿಯೋದವರಿಂದ ಮುಂಗಡ ಕೇಳಿ ಪಡೆದು, ರೆಡಿ ಇದ್ದದ್ದನ್ನೇ ತಂದಿದ್ದಳು. ಪರದೆಯ ಮೇಲೆ ವರ ಕಣ್ಣು ಮಿಟುಕಿಸುವುದರೊಳಗೆ ವಧುವಿನ ಪಕ್ಕ ನಿಂತ. "ನೀವು ಕಾಯ್ತಿರಿ ರೀ. ಮಗು ನಾಮಕರಣದ ದಿನ ಅವ್ರಿಗೆ ಮದುವೆ ಆಲ್ಬಂ ಕೊಡೋಕಾಗ್ತದಾ?" ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಹೇಳದೆ ಕೊಂಡಳಲ್ಲ ಎಂಬುದನ್ನು ಹೇಗೋ ನುಂಗಿಕೊಂಡೆ. ಚೌಕಾಸಿಯನ್ನೇ ಮಾಡದೆ ಕೊಂಡಳಲ್ಲ ಎಂಬುದು ಇನ್ನೂ ಗಂಟಲಲ್ಲೇ ಇದೆ.

ಆಮೇಲೆ ಬೆಲೆ ಮತ್ತೂ ಏರಿತು. ಅವಳ ಆಲ್ಬಮ್ಮುಗಳು ಲಗ್ನದ ಹಿಂದೆಯೇ ಹೋಗುತ್ತಿವೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕಂಪ್ಯೂಟರಿನ ಮಾತೆತ್ತಿದರೆ ನಾನು, "ರೇಟು ನೋಡ್ಕೊಂಡು ಸರಿಯಾದ ಟೈಮಿಗೆ ಎತ್ತಿಬಿಟ್ವಿ ಸಾರ್" ಎನ್ನುತ್ತೇನೆ. ಖಾಲಿ ಕ್ಯಾಬಿನೆಟ್ಟಿನಲ್ಲಿ ಅಮ್ಮ ಬೆಳ್ಳುಳ್ಳಿ ಇಟ್ಟಿದ್ದಾಳೆ, ಚೆನ್ನಾಗಿ ಗಾಳಿಯಾಡುತ್ತದಂತೆ. ಮೊನ್ನೆ ಪಕ್ಕದ ಬೀದಿಯವನೊಬ್ಬ ಬಂದು ಆ ಕ್ಯಾಬಿನೆಟ್ಟನ್ನು ನಾನು ಕೊಂಡ ಬೆಲೆಗೇ ಕೇಳಿದ. ಕೊಟ್ಟುಬಿಡಿ ಎಂದು ಮಂಜುಳ ಕಣ್ಣಲ್ಲೇ ಹೇಳಿದಳು. ನಾನು ಕೊಡಲಿಲ್ಲ. ಎಲ್ಲದರ ರೇಟೂ ಏರುತ್ತಿರುವಾಗ ಇದೊಂದು ಏರದೆ ಇರುತ್ತದೆಯೇ?